ಅಹಮದ್ ಬ್ಯಾರಿಯ ಗಾಡಿ: ನಮ್ಮ ಕತೆಗಳಲ್ಲಿ ಮದುವೆ ಮತ್ತು ಮಸಣ

ಕಳೆದ ಚಳಿಗಾಲದಲ್ಲಿ ನಮ್ಮ ಓದುಗರ ಬಳಗದಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಕುರಿತು ಚರ್ಚೆಯಿತ್ತು. ಉಪನ್ಯಾಸ ಮಾಡಿದವರು ಬಲ್ಲವರು. ಪ್ರಾಣೇಶಾಚಾರ್ಯರ ಆತ್ಮಶೋಧನೆ, ಆಯ್ಕೆಯ ಹೊಣೆ, ಅಸ್ತಿತ್ವವಾದದ ನೆರಳು, ನವ್ಯರ ಪ್ರತಿಮಾವಿಧಾನ ಎಂದು ಮುಕ್ಕಾಲು ಗಂಟೆ ಸೊಗಸಾಗಿಯೇ ಮಾತನಾಡಿದರು. ಚಹಾ ಬರುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಧಾರವಾಡದ ಕಡೆಯ ಹಿರಿಯ ಹೆಣ್ಣುಮಗಳೊಬ್ಬರು ಎದ್ದು ನಿಂತರು. “ಅಲ್ರೀ, ಇಷ್ಟೊತ್ತು ಆಚಾರ್ಯರ ಮನಸ್ಸಿನ ವಿಚಾರ ಹೇಳಿದ್ರಿ. ಆ ಹೆಣಾ ಕಡೀಕ ಸುಟ್ಟಾವ ಯಾರು? ಅವನ ಸುದ್ದೀನ ಬರಲಿಲ್ಲಲ್ಲ?” ಎಂದರು. ಕೆಲವರು ನಕ್ಕರು. ಉಪನ್ಯಾಸಕರು, ಅದು ಕಥೆಯಲ್ಲಿ ಬಂದುಹೋಗುವ ಒಂದು ಸಣ್ಣ ಸಂಗತಿ, ಮುಖ್ಯವಾದದ್ದು ಆಚಾರ್ಯರ ದ್ವಂದ್ವ ಎಂದು ಸಮಾಧಾನ ಹೇಳಿದರು. ಆಕೆ ಕುಳಿತುಕೊಂಡರು. ಆದರೆ ಸಮಾಧಾನವಾದಂತೆ ಕಾಣಲಿಲ್ಲ. ನನಗೂ ಆಗಲಿಲ್ಲ. ಮನೆಗೆ ಬಂದವನೇ ಪುಸ್ತಕವನ್ನು ಕಪಾಟಿನಿಂದ ತೆಗೆದು ಮತ್ತೆ ಓದಲು ಕುಳಿತೆ.

೧೯೬೫ರಲ್ಲಿ ಪ್ರಕಟವಾದ ಈ ಕಾದಂಬರಿಯ ಕತೆ ಬಲ್ಲವರಿಗೆ ಹೊಸದಲ್ಲ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಬದುಕಿದ್ದಾಗ ಆಚಾರ ಬಿಟ್ಟವನು, ಚಂದ್ರಿಯನ್ನು ಇಟ್ಟುಕೊಂಡವನು, ಮುಸಲ್ಮಾನರ ಜೊತೆ ಉಂಡವನು. ಆದರೂ ಅಗ್ರಹಾರ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಹೀಗಾಗಿ ಸತ್ತಮೇಲೆ ಅವನು ಬ್ರಾಹ್ಮಣನೋ ಅಲ್ಲವೋ, ಅವನ ಶವಸಂಸ್ಕಾರಕ್ಕೆ ಯಾರಿಗೆ ಅಧಿಕಾರ ಎಂಬ ಪ್ರಶ್ನೆ ಏಳುತ್ತದೆ. ಹೆಣ ಮನೆಯಲ್ಲಿರುವಷ್ಟು ಕಾಲ ಯಾರೂ ಉಣ್ಣುವಂತಿಲ್ಲ. ಚಂದ್ರಿ ತನ್ನ ಒಡವೆಗಳನ್ನೆಲ್ಲ ಬಿಚ್ಚಿ ಸಂಸ್ಕಾರದ ಖರ್ಚಿಗೆಂದು ಇಟ್ಟಮೇಲೆ ಬೇಡವೆನ್ನುತ್ತಿದ್ದವರಿಗೂ ಬಾಯಲ್ಲಿ ನೀರೂರುತ್ತದೆ. ಆಚಾರ್ಯರು ಓಲೆಗರಿಗಳಲ್ಲಿ ಉತ್ತರ ಹುಡುಕುತ್ತಾರೆ, ಮಾರುತಿಯ ಗುಡಿಯಲ್ಲಿ ಪ್ರಸಾದ ಕೇಳುತ್ತಾರೆ. ಉತ್ತರ ಸಿಕ್ಕುವುದಿಲ್ಲ. ಇಲಿಗಳು ಸಾಯುತ್ತಿವೆ, ಹದ್ದುಗಳು ಮನೆಯ ಮಾಡಿನ ಮೇಲೆ ಕುಳಿತಿವೆ, ಹೆಣ ಕೊಳೆಯುತ್ತಿದೆ.

ಇಲ್ಲಿಯವರೆಗಿನದನ್ನು ಎಲ್ಲರೂ ಹೇಳುತ್ತಾರೆ. ಮುಂದೆ ಏನಾಗುತ್ತದೆಂಬುದನ್ನು ನಿಧಾನವಾಗಿ ನೋಡೋಣ. ಚಂದ್ರಿ ರಾತ್ರಿಯಲ್ಲಿ ಮೊದಲು ಗಾಡಿಯ ಶೇಷಪ್ಪನ ಮನೆಗೆ ಹೋಗುತ್ತಾಳೆ. ಬ್ರಾಹ್ಮಣನ ಹೆಣ ಮುಟ್ಟಿ ನರಕಕ್ಕೆ ಹೋಗಲು ಅವನು ಸಿದ್ಧನಿಲ್ಲ. ಶಾಸ್ತ್ರ ಓದುವ ಹಕ್ಕನ್ನೇ ಪಡೆಯದವನು ಶಾಸ್ತ್ರಕ್ಕೆ ಎಷ್ಟು ಹೆದರುತ್ತಾನೆ ನೋಡಿ! ಅಲ್ಲಿಂದ ಅವಳು ಅಹಮದ್ ಬ್ಯಾರಿಯಲ್ಲಿಗೆ ಹೋಗುತ್ತಾಳೆ. ಮೀನಿನ ವ್ಯಾಪಾರಿ. ನಾರಣಪ್ಪನಿಂದ ಹಿಂದೊಮ್ಮೆ ಉಪಕಾರ ಪಡೆದವನು. ಅವನು ಶಾಸ್ತ್ರ ಕೇಳುವುದಿಲ್ಲ, ಅಧಿಕಾರ ಕೇಳುವುದಿಲ್ಲ. ಗಾಡಿ ಕಟ್ಟಿ, ಸೌದೆ ಹೇರಿಕೊಂಡು, ಯಾರಿಗೂ ತಿಳಿಯದಂತೆ ಬಂದು ಹೆಣವನ್ನು ಸುಟ್ಟು ಹೋಗುತ್ತಾನೆ. ಚಂದ್ರಿ ಯಾರಿಗೂ ಹೇಳದೆ ಕುಂದಾಪುರದ ದಾರಿ ಹಿಡಿಯುತ್ತಾಳೆ. ಪುಟ ಎಣಿಸಿದರೆ ತೀರ ಚಿಕ್ಕ ಭಾಗ. ಬೆಳಗಾಗುವುದರೊಳಗೆ ಎಲ್ಲ ಮುಗಿದಿರುತ್ತದೆ.

ಈಗ ಗಮನಿಸಬೇಕಾದದ್ದು ಇದು. ಈ ಸಂಗತಿ ನಡೆಯುವುದು ಕಾದಂಬರಿಯ ಕೊನೆಯಲ್ಲಲ್ಲ. ಇದಾದ ಮೇಲೆ ಆಚಾರ್ಯರ ಹೆಂಡತಿ ಭಾಗೀರಥಿ ಸತ್ತು, ಅವಳಿಗೆ ಕೊಳ್ಳಿಯಿಟ್ಟು, ಅವರು ಊರು ಬಿಟ್ಟು ಅಲೆಯುತ್ತಾರೆ. ಪುಟ್ಟನ ಸಂಗ, ಮೇಳಿಗೆಯ ಜಾತ್ರೆ, ಸೂತಕದಲ್ಲಿದ್ದೂ ದೇವಸ್ಥಾನದ ಪಂಕ್ತಿಯಲ್ಲಿ ಕುಳಿತ ಊಟ ಎಲ್ಲವೂ ಅನಂತರದ್ದು. ನಾರಣಪ್ಪನ ಹೆಣ ಏನಾಯಿತು, ಹೋಗಿ ಏನು ಹೇಳಲಿ ಎಂಬ ಯಾತನೆ ಅವರನ್ನು ಕೊನೆಯವರೆಗೂ ಕಾಡುತ್ತದೆ. ಆದರೆ ಆ ಹೆಣ ಇಲ್ಲವೇ ಇಲ್ಲ! ಬೂದಿಯಾಗಿ ದಿನಗಳು ಕಳೆದಿವೆ. ಓದುಗನಿಗೆ ಅದು ಗೊತ್ತು, ಆಚಾರ್ಯರಿಗೆ ಗೊತ್ತಿಲ್ಲ. ಇಲ್ಲದ ಹೆಣದ ಸುತ್ತ ಒಬ್ಬ ವೇದಾಂತಶಿರೋಮಣಿಯ ಅಷ್ಟೂ ವೇದಾಂತ ಸುತ್ತುತ್ತಿದೆ. ಇದಕ್ಕಿಂತ ಕಟುವಾದ ವ್ಯಂಗ್ಯ ನಮ್ಮ ಕಾದಂಬರಿಗಳಲ್ಲಿ ಹೆಚ್ಚಿಲ್ಲ. ಅದನ್ನು ಸಾಧ್ಯಮಾಡಿದ್ದು ಚಂದ್ರಿಯ ಮೌನ ಮತ್ತು ಬ್ಯಾರಿಯ ಗಾಡಿ. ಇದನ್ನು ಸಣ್ಣ ಸಂಗತಿ ಎನ್ನುವುದಾದರೆ ದೊಡ್ಡ ಸಂಗತಿ ಯಾವುದೋ ನನಗೆ ತಿಳಿಯದು.

ಹಾಗೆಂದು ಕಾದಂಬರಿಕಾರರಿಗೆ ಪೂರ್ತಿ ಮಾಫಿ ಕೊಡಲಾರೆ. ಬ್ಯಾರಿಯನ್ನು ಅವರು ತಕ್ಕ ಜಾಗದಲ್ಲಿ ತಂದರು, ಆದರೆ ತಂದಷ್ಟೇ ಬೇಗ ಕಳಿಸಿಬಿಟ್ಟರು. ಅವನಿಗೆ ಆ ರಾತ್ರಿ ಏನೆನಿಸಿತು? ತನ್ನವರಲ್ಲಿ ಹೂಳುವ ಪದ್ಧತಿ. ಹೆಣ ಸುಡುವ ಸೌದೆಯನ್ನು ಒಟ್ಟುವಾಗ ಅವನ ಕೈ ಒಂದು ಗಳಿಗೆ ತಡೆಯಲಿಲ್ಲವೇ? ಆಚಾರ್ಯರ ಒಂದು ಸಂದೇಹಕ್ಕೆ ಹತ್ತು ಪುಟ ಸಿಕ್ಕಿದೆ, ಇವನಿಗೆ ಒಂದು ಸಂದೇಹವೂ ಸಿಕ್ಕಿಲ್ಲ. ೧೯೭೦ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ತೆಗೆದ ಚಿತ್ರ, ಗಿರೀಶ ಕಾರ್ನಾಡರ ಆಚಾರ್ಯ, ಲಂಕೇಶರ ನಾರಣಪ್ಪ, ಸ್ನೇಹಲತಾ ರೆಡ್ಡಿಯವರ ಚಂದ್ರಿ, ಇವೆಲ್ಲ ನೆನಪಿನಲ್ಲಿ ಉಳಿದಿವೆ. ಗಾಡಿ ಹೊಡೆದವನ ಮುಖ ನೆನಪಿದೆಯೇ ಎಂದು ಬಳಗದಲ್ಲಿ ನಾಲ್ವರನ್ನು ಕೇಳಿದೆ. ಯಾರಿಗೂ ನೆನಪಿರಲಿಲ್ಲ. ನನಗೂ ಇಲ್ಲ.

ಹೊರನಾಡಿನಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ಈ ಪ್ರಶ್ನೆ ಪುಸ್ತಕದ್ದಾಗಿ ಉಳಿಯುವುದಿಲ್ಲ. ಊರಿನಲ್ಲಿ ಸಾವಾದರೆ ಯಾರು ಏನು ಮಾಡಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಕೆಲಸ ಹಂಚಿಹೋಗಿರುತ್ತದೆ, ಹಂಚಿಕೆಯಲ್ಲಿ ಅನ್ಯಾಯವೂ ಇರುತ್ತದೆ. ಮುಂಬಯಿಯ ಮೂರನೆಯ ಮಾಳಿಗೆಯಲ್ಲಿ ಸಾವಾದರೆ ಮೊದಲು ಬೇಕಾದದ್ದು ಡಾಕ್ಟರ ಪ್ರಮಾಣಪತ್ರ, ಆಮೇಲೆ ಪಾಲಿಕೆಯ ಪಾಸು, ಆಮೇಲೆ ಬಿದಿರು, ಹುರಿ, ಮಡಕೆ, ಬಿಳಿ ಬಟ್ಟೆ. ಇವನ್ನೆಲ್ಲ ಒಂದೇ ಕಡೆ ಕೊಡುವ ಅಂಗಡಿ ಎಲ್ಲಿದೆ ಎಂಬುದು ಮನೆಯವರಿಗೆ ಗೊತ್ತಿರುವುದಿಲ್ಲ, ಎದುರುಮನೆಯ ಮರಾಠಿಗನಿಗೆ ಗೊತ್ತಿರುತ್ತದೆ. ಗೋತ್ರ ಯಾವುದು ಎಂದು ಭಟ್ಟರು ಕೇಳಿದಾಗ ಮಗ ಸಾಗರದಲ್ಲಿರುವ ಸೋದರತ್ತೆಗೆ ಫೋನು ಮಾಡುತ್ತಾನೆ. ವಿದ್ಯುತ್ ಚಿತಾಗಾರದಲ್ಲಿ ಮಡಕೆ ಹೊತ್ತು ಮೂರು ಸುತ್ತು ಬರುವುದಕ್ಕೆ ಐದು ನಿಮಿಷದ ಅವಕಾಶ. ಹಿಂದೆ ಇನ್ನೊಬ್ಬರು ಕಾದಿರುತ್ತಾರೆ. ಮೆಟ್ಟಿಲಿನ ತಿರುವಿನಲ್ಲಿ ಚಟ್ಟವನ್ನು ಹೇಗೆ ವಾಲಿಸಬೇಕು ಎಂದು ಯಾವ ಸೂತ್ರಗ್ರಂಥದಲ್ಲಿಯೂ ಬರೆದಿಲ್ಲ. ಕೆಳಗಿನ ಮನೆಯ ತಮಿಳರಿಗೆ ತಿಳಿದಿತ್ತು, ಏಕೆಂದರೆ ಹಿಂದಿನ ವರ್ಷ ಅವರ ತಾಯಿಯನ್ನು ಅದೇ ಮೆಟ್ಟಿಲಲ್ಲಿ ಇಳಿಸಿದ್ದರು. ಹತ್ತನೆಯ ದಿನ ಪಿಂಡವನ್ನು ಕಾಗೆ ಮುಟ್ಟಲೆಂದು ಕಾಯುವುದರಲ್ಲಿ ಮಾತ್ರ ಮರಾಠಿಗರಿಗೂ ನಮಗೂ ಭೇದವಿಲ್ಲ. ಕಾಗೆ ಬಾರದಿದ್ದರೆ ದರ್ಭೆಯ ಕಾಗೆ ಮಾಡಿ ಮುಟ್ಟಿಸುವುದರಲ್ಲೂ ಇಲ್ಲ.

ಈ ಕಣ್ಣಿನಿಂದ ನೋಡಿದರೆ ನಮ್ಮ ಸಾಹಿತ್ಯದಲ್ಲಿ ಮದುವೆ ಮತ್ತು ಮಸಣದ ಕತೆಗಳೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿವೆ ಎನ್ನಿಸುತ್ತದೆ: ಮಾಡುವ ಅಧಿಕಾರ ಯಾರದು? ಗರ್ಭಾಧಾನದಿಂದ ಅಂತ್ಯೇಷ್ಟಿಯವರೆಗೆ ಷೋಡಶ ಸಂಸ್ಕಾರಗಳೆಂದು ಎಣಿಸುತ್ತಾರೆ. ಆ ಪಟ್ಟಿಯಲ್ಲಿ ಮದುವೆಗೂ ಹೆಣ ಸುಡುವುದಕ್ಕೂ ಒಂದೇ ಹೆಸರು. ಎರಡರಲ್ಲೂ ಅಧಿಕಾರ ಇರುವವನು ಒಬ್ಬ, ಕೆಲಸ ಮಾಡುವವನು ಇನ್ನೊಬ್ಬ. ಕತೆಗಾರನ ಕಣ್ಣು ಈ ಎರಡನೆಯವನ ಮೇಲೆ ಎಷ್ಟು ಹೊತ್ತು ನಿಂತಿತು ಎಂಬುದರಿಂದ ಅವನ ಕೃತಿಯನ್ನು ಅಳೆಯಬೇಕೆಂದು ನನಗೆ ಈಚೆಗೆ ತೋರತೊಡಗಿದೆ.

ಅನಂತಮೂರ್ತಿಯವರದೇ ‘ಘಟಶ್ರಾದ್ಧ’ವನ್ನು ತೆಗೆದುಕೊಳ್ಳಿ. ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ಇದನ್ನು ತಮ್ಮ ಮೊದಲ ಚಿತ್ರವಾಗಿ ಮಾಡಿ ಸ್ವರ್ಣಕಮಲ ತಂದರು. ವೇದಪಾಠಶಾಲೆ ನಡೆಸುವ ಉಡುಪರ ಮಗಳು ಯಮುನಾ, ಬಾಲವಿಧವೆ. ಬಸುರಾಗುತ್ತಾಳೆ. ತಂದೆ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಕೈತೊಳೆದುಕೊಳ್ಳುತ್ತಾನೆ. ತಲೆ ಬೋಳಿಸಿದ ಅವಳನ್ನು ಊರು ಹೊರಗೆ ಹಾಕುತ್ತದೆ. ಎಲ್ಲವನ್ನೂ ನಾಣಿ ಎಂಬ ಪುಟ್ಟ ವಟು ನೋಡುತ್ತಾನೆ. ನನ್ನ ಮಟ್ಟಿಗೆ ಇದು ‘ಸಂಸ್ಕಾರ’ಕ್ಕಿಂತ ಪಕ್ವವಾದ ಕೃತಿ. ಅಧಿಕಾರವುಳ್ಳ ಒಬ್ಬನ ತಲೆಯೊಳಗೆ ಕೂರದೆ, ಯಾವ ಅಧಿಕಾರವೂ ಇಲ್ಲದ ಹುಡುಗನ ಪಕ್ಕದಲ್ಲಿ ಅದು ನಿಲ್ಲುತ್ತದೆ. ಅವನಿಗೆ ಮಂತ್ರ ಅರ್ಥವಾಗುವುದಿಲ್ಲ, ಅಕ್ಕ ಅರ್ಥವಾಗುತ್ತಾಳೆ. ಚಿತ್ರದ ಕೊನೆಯಲ್ಲಿ, ಮಗಳ ಶ್ರಾದ್ಧ ಮುಗಿಸಿದ ಮುದಿ ಉಡುಪರಿಗೆ ಎಳೆಯ ಹುಡುಗಿಯೊಡನೆ ಮದುವೆಯ ಮಾತು ಬರುತ್ತದೆ. ಒಂದೇ ಮನೆಯಲ್ಲಿ ಬದುಕಿದವಳಿಗೆ ಮಸಣ, ಮುದುಕನಿಗೆ ಹಸೆಮಣೆ. ಕಾಸರವಳ್ಳಿಯವರು ಇದನ್ನು ಕೂಗಿ ಹೇಳುವುದಿಲ್ಲ, ಅದರಿಂದಲೇ ಕಿವಿಯಲ್ಲಿ ಉಳಿಯುತ್ತದೆ.

ಈ ಘಟಶ್ರಾದ್ಧದ ಮೂಲ ನೋಡೋಣವೆಂದು ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವನ್ನು ತಿರುವಿದೆ. ಪತಿತನಾದವನಿಗೆ ಬಂಧುಗಳು ಊರಹೊರಗೆ, ಸಂಜೆಯ ಹೊತ್ತು, ಸತ್ತವನಿಗೆ ಬಿಡುವಂತೆ ನೀರು ಬಿಡಬೇಕು. ತುಂಬಿದ ಕೊಡವನ್ನು ಕಾಲಿನಿಂದ ಉರುಳಿಸಬೇಕು. ಉರುಳಿಸುವವರು ಯಾರು? ತಂದೆಯಲ್ಲ, ಗುರುವಲ್ಲ. ದಾಸಿ! ತೀರ್ಪು ಕೊಡುವವರು ಬಂಧುಗಳು, ಒದೆಯುವ ಕಾಲು ಮಾತ್ರ ಮನೆಗೆಲಸದವಳದು. ಅವಳಿಗೆ ಏನೆನಿಸಿತು ಎಂದು ಸ್ಮೃತಿಕಾರ ಕೇಳುವುದಿಲ್ಲ, ಕೇಳಬೇಕಾದ್ದೂ ಇಲ್ಲ, ಅದು ಕತೆಗಾರರ ಕೆಲಸ. ಅಲ್ಲಿಯೇ ಮುಂದೆ ಇನ್ನೆರಡು ಮಾತುಗಳಿವೆ, ಅವನ್ನು ಯಮುನೆಯ ಊರಿನವರು ಓದಿದಂತಿಲ್ಲ. ಪ್ರಾಯಶ್ಚಿತ್ತ ಮಾಡಿಕೊಂಡವನೊಡನೆ ಬಂಧುಗಳು ಪುಣ್ಯಜಲದಲ್ಲಿ ಮಿಂದು, ಹೊಸ ಕೊಡವನ್ನು ನೀರಿಗೆ ಹಾಕಿ ಮತ್ತೆ ಸೇರಿಸಿಕೊಳ್ಳಬಹುದು. ಹೆಂಗಸು ಪತಿತೆಯಾದರೂ ಇದೇ ವಿಧಿ, ಆದರೆ ಅವಳಿಗೆ ಅನ್ನ, ನೀರು, ಬಟ್ಟೆ ಕೊಡಬೇಕು, ಮನೆಯ ಹತ್ತಿರದಲ್ಲಿಯೇ ಇರಗೊಡಬೇಕು. ಒಡೆಯುವ ಕೊಡ ಎಲ್ಲರಿಗೂ ನೆನಪಿದೆ, ಹೊಸ ಕೊಡದ ನೆನಪಿಲ್ಲ. ಮನುವನ್ನು ಮೆಚ್ಚಿಕೊಂಡು ಇದನ್ನು ಹೇಳುತ್ತಿಲ್ಲ. ಅಂಥ ಕಠಿಣನಾದ ಮನುವಿಗಿಂತಲೂ ಊರು ಹೆಚ್ಚು ಕಠಿಣವಾಗಬಲ್ಲದು ಎಂಬುದಕ್ಕೆ ಹೇಳಿದೆ.

ಇದಾಗಿ ನಾಲ್ಕು ದಶಕ ಕಳೆದ ಮೇಲೆ ಬಂದ ‘ತಿಥಿ’ ಚಿತ್ರವನ್ನು ಈ ಸಾಲಿನಲ್ಲಿಟ್ಟು ನೋಡಬೇಕು. ರಾಮ್ ರೆಡ್ಡಿ ಎಂಬ ತರುಣ ಈರೇಗೌಡರೊಡನೆ ಬರೆದು, ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಹಳ್ಳಿಯವರನ್ನೇ ನಟರನ್ನಾಗಿ ಮಾಡಿ ತೆಗೆದ ಚಿತ್ರ. ೨೦೧೫ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಪಡೆದು, ಮರುವರ್ಷ ನಮ್ಮಲ್ಲಿ ತೆರೆಗೆ ಬಂತು. ನೂರು ದಾಟಿದ ಸೆಂಚುರಿ ಗೌಡ ರಸ್ತೆಯ ಬದಿಯಲ್ಲಿ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯವರೆಗಿನ ಕತೆ. ಹಿರಿಯ ಮಗ ಗಡ್ಡಪ್ಪನಿಗೆ ಅಪ್ಪ ಸತ್ತನೆಂದರೆ ಏನೂ ಅನ್ನಿಸುವುದಿಲ್ಲ. ಬ್ರಾಂದಿ ಕುಡಿಯುತ್ತ ಹೊಲದ ಬದುವಿನಲ್ಲಿ ಅಲೆಯುತ್ತಿರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಐದು ಎಕರೆ ಜಮೀನು ಮಾರುವ ತರಾತುರಿ. ಮರಿಮಗ ಅಭಿಗೆ ಕುರುಬರ ಹುಡುಗಿ ಕಾವೇರಿಯ ಹಿಂದೆ ಸುತ್ತುವ ಕೆಲಸ. ತಿಥಿ ಮಾತ್ರ ಆಗಲೇಬೇಕು. ಐನೂರು ಜನಕ್ಕೆ ಬಾಡೂಟ, ಅದಕ್ಕೆ ಸಾಲ, ಕುರಿ, ಶಾಮಿಯಾನ, ಅಡಿಗೆಯವರು.

‘ಸಂಸ್ಕಾರ’ದಲ್ಲಿ ಅಧಿಕಾರದ ಪ್ರಶ್ನೆ ಇದೆ, ಕೆಲಸ ಮರೆಯಾಗಿದೆ. ‘ತಿಥಿ’ಯಲ್ಲಿ ಕೆಲಸವೆಲ್ಲ ಕಣ್ಣೆದುರಿಗಿದೆ, ಅಧಿಕಾರ ಬತ್ತಿಹೋಗಿದೆ. ಯಾರಿಗೆ ಹಕ್ಕು ಎಂದು ಇಲ್ಲಿ ಯಾರೂ ಓಲೆಗರಿ ಬಿಚ್ಚುವುದಿಲ್ಲ. ಎಷ್ಟು ಕುರಿ ಎಂದು ಕೇಳುತ್ತಾರೆ. ಚಿತ್ರ ನೋಡಿ ನಾವೆಲ್ಲ ಬಹಳ ನಕ್ಕೆವು. ಆದರೆ ಎರಡನೆಯ ಸಲ ನೋಡುವಾಗ ಒಂದು ಸಂಗತಿಗೆ ನಗು ನಿಂತಿತು. ಜಮೀನು ಅಪ್ಪನ ಹೆಸರಿನಿಂದ ಬಿಡಿಸಿಕೊಳ್ಳಲೆಂದು ತಮ್ಮಣ್ಣ ಬದುಕಿರುವ ಗಡ್ಡಪ್ಪನಿಗೆ ಮರಣಪತ್ರ ಮಾಡಿಸುತ್ತಾನೆ, ಅವನನ್ನು ಕೈಗೆ ದುಡ್ಡು ಕೊಟ್ಟು ಊರು ಬಿಡಿಸುತ್ತಾನೆ. ಉಡುಪರು ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿದರು, ತಮ್ಮಣ್ಣ ಬದುಕಿರುವ ಅಪ್ಪನಿಗೆ ಕಾಗದದಲ್ಲಿ ಶ್ರಾದ್ಧ ಮಾಡಿದ. ಮೊದಲನೆಯದಕ್ಕೆ ಶಾಸ್ತ್ರದ ಮೊಹರು, ಎರಡನೆಯದಕ್ಕೆ ಕಚೇರಿಯ ಮೊಹರು. ಈ ಎರಡು ಚಿತ್ರಗಳನ್ನು ಒಂದೇ ಸಂಜೆ ತೋರಿಸಿದರೆ ನಮ್ಮ ನಾಡಿನ ನಲವತ್ತು ವರ್ಷಗಳ ಚರಿತ್ರೆಯನ್ನು ಬೇರೆ ಹೇಳಬೇಕಾಗಿಲ್ಲ. ಸಂಘದ ಕಾರ್ಯದರ್ಶಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಕೋರಿಕೆ.

ಯಮುನೆಗೂ ಗಡ್ಡಪ್ಪನಿಗೂ ವ್ಯತ್ಯಾಸವೂ ಇದೆ. ಅವಳು ಹೊರಗೆ ಬಿದ್ದಳು, ಅವನು ಹೊರಗೇ ಇದ್ದ. ಕುರುಬರ ಬೀಡಿನಲ್ಲಿ, ಬೆಂಕಿಯೆದುರು ಕುಳಿತು ತನ್ನ ಬದುಕಿನ ಕತೆ ಹೇಳುವಾಗ ಅವನ ದನಿಯಲ್ಲಿ ಏರಿಳಿತವಿಲ್ಲ. ಅಪ್ಪನ ತಿಥಿಗೆ ಅವನೇಕೆ ಬೆನ್ನು ಹಾಕಿದ ಎಂಬುದು ಆಗ ನಮಗೆ ಸ್ವಲ್ಪ ಸ್ವಲ್ಪವಾಗಿ ತಿಳಿಯುತ್ತದೆ. ಆ ದೃಶ್ಯಕ್ಕೆ ಸಮನಾದದ್ದು ಚಿತ್ರದಲ್ಲಿ ಇನ್ನೊಂದಿಲ್ಲ. ಅಭಿಯ ಬೆನ್ನಟ್ಟುವಿಕೆಯನ್ನು ಮಾತ್ರ ನಿರ್ದೇಶಕರು ಬೇಕಾದ್ದಕ್ಕಿಂತ ಹೆಚ್ಚು ಎಳೆದಿದ್ದಾರೆ.

ಇನ್ನು ಮದುವೆಗೆ ಬರೋಣ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಸಾವು ಮಾಡಿ ನೋಡು ಎನ್ನಲಿಲ್ಲ. ಮದುವೆಗೆ ತಿಂಗಳುಗಟ್ಟಲೆ ಸಮಯವಿರುತ್ತದೆ, ಯೋಚಿಸಬಹುದು, ಜಗಳವಾಡಬಹುದು, ಬದಲಾಯಿಸಬಹುದು. ಸಾವಿಗೆ ಕೆಲವೇ ತಾಸು. ಅದಕ್ಕೇ ಎಂಥ ಸುಧಾರಕನೂ ಮದುವೆಯಲ್ಲಿ ಧೈರ್ಯ ತೋರಿಸಿ ಸಾವಿನಲ್ಲಿ ಭಟ್ಟರು ಹೇಳಿದಂತೆ ಕೇಳುತ್ತಾನೆ. ಕುವೆಂಪು ಅವರ ‘ಮಂತ್ರಮಾಂಗಲ್ಯ’ಕ್ಕೆ ಸಿಕ್ಕ ಹರಡುವಿಕೆ ಸಾವಿನ ಯಾವ ಹೊಸ ವಿಧಿಗೂ ಸಿಕ್ಕದಿರುವುದಕ್ಕೆ ಕಾರಣ ಇದೇ ಇರಬೇಕು. ೧೯೬೬ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರಿಗೂ ರಾಜೇಶ್ವರಿಯವರಿಗೂ ಅವರು ಮಾಡಿಸಿದ ಮದುವೆ ಈ ಬಗೆಯದು. ವರದಕ್ಷಿಣೆಯಿಲ್ಲ, ಅದ್ದೂರಿಯಿಲ್ಲ, ಮುಹೂರ್ತದ ಗೋಜಿಲ್ಲ. ವಧೂವರರೇ ಪ್ರತಿಜ್ಞೆಗಳನ್ನು ತಿಳಿದು ಹೇಳುವ ಮದುವೆ. ಅದರ ಮರುವರ್ಷವೇ ‘ಮಲೆಗಳಲ್ಲಿ ಮದುಮಗಳು’ ಪ್ರಕಟವಾಯಿತು ಎಂಬುದನ್ನು ನಾವು ಜೊತೆಯಲ್ಲಿಟ್ಟು ನೋಡುವುದಿಲ್ಲ. ಆ ದೊಡ್ಡ ಕಾದಂಬರಿಯಲ್ಲಿ ಹಿರಿಯರು ಗೊತ್ತುಮಾಡಿದ ಮದುವೆಗಳು ಮುರಿಯುತ್ತವೆ, ಹುಡುಗಿಯರು ತಾವಾಗಿ ಕತ್ತಲಿಗಿಳಿದು ನಡೆದ ದಾರಿಗಳು ನಿಲ್ಲುತ್ತವೆ. ಗುತ್ತಿಯೊಡನೆ ತಿಮ್ಮಿ ಓಡುತ್ತಾಳೆ. ಮದುವೆಯ ಹಿಂದಿನ ರಾತ್ರಿ ಚಿನ್ನಮ್ಮ ಮಳೆಯಲ್ಲಿ ಹುಲಿಕಲ್ ನೆತ್ತಿಯ ಕಡೆಗೆ ಹೊರಡುತ್ತಾಳೆ, ಜೊತೆಯಲ್ಲಿ ಪೀಂಚಲು. ಚಿನ್ನಮ್ಮ ಒಡೆಯರ ಮನೆಯವಳು, ಪೀಂಚಲು ದುಡಿಯುವವಳು. ಕಾಡಿನ ದಾರಿ ಗೊತ್ತಿರುವುದು ಪೀಂಚಲುಗೆ. ಇಲ್ಲಿ ಕುವೆಂಪು ಅವರ ಕಣ್ಣು ಇಬ್ಬರ ಮೇಲೂ ಸಮನಾಗಿ ನಿಂತಿದೆ. ಅಹಮದ್ ಬ್ಯಾರಿಗೆ ಸಿಕ್ಕದ್ದು ಪೀಂಚಲುಗೆ ಸಿಕ್ಕಿದೆ: ಅವಳಿಗೆ ಆಯಾಸವಿದೆ, ಭಯವಿದೆ, ಗಂಡ ಐತನ ಚಿಂತೆಯಿದೆ, ತನ್ನದೇ ಒಂದು ಸಂತೋಷವೂ ಇದೆ.

ನಮ್ಮ ನಗರದ ಮದುವೆಗಳನ್ನು ಕುರಿತು ಕನ್ನಡದಲ್ಲಿ ಬಂದ ಕತೆಗಳಲ್ಲಿ ನನಗೆ ಬಹಳ ಹತ್ತಿರವಾದದ್ದು ಜಯಂತ ಕಾಯ್ಕಿಣಿಯವರ ‘ನೋ ಪ್ರೆಸೆಂಟ್ಸ್ ಪ್ಲೀಸ್’. ಅನಾಥರಾಗಿ ಬೆಳೆದ ಇಬ್ಬರು ತರುಣರು, ಪೋಪಟ್ ಮತ್ತು ಅಸಾವರಿ ಲೋಖಂಡೆ, ತಮ್ಮ ಮದುವೆಯ ಕರೆಯೋಲೆ ಹೇಗಿರಬೇಕೆಂದು ಯೋಚಿಸುತ್ತಾರೆ. ಅಷ್ಟೇ ಕತೆ. ಆದರೆ ನಮ್ಮ ಮನೆಗಳಿಗೆ ಬರುವ ಲಗ್ನಪತ್ರಿಕೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಇಂಥವರ ಮೊಮ್ಮಗ, ಇಂಥವರ ದೌಹಿತ್ರಿ, ಸುಖಾಗಮನವನ್ನು ಬಯಸುವ ಹದಿನಾರು ಹೆಸರುಗಳು. ಮದುವೆಯಾಗುವವರ ಹೆಸರನ್ನು ಹುಡುಕಬೇಕು. ಇವನ್ನೆಲ್ಲ ಕಳೆದರೆ ಕರೆಯೋಲೆಯಲ್ಲಿ ಏನು ಉಳಿಯುತ್ತದೆ? ಕರೆಯುವ ಅಧಿಕಾರ ಯಾರದು? ಹೆಸರೇ ಯಾರೋ ಇಟ್ಟದ್ದಾಗಿರುವಾಗ, ಅಡ್ಡಹೆಸರು ಒಂದು ಅನುಕೂಲವಷ್ಟೇ ಆಗಿರುವಾಗ? ದೂರ್ವಾಸಪುರದ ಪ್ರಶ್ನೆಯೇ ಮುಂಬಯಿಯಲ್ಲಿ ಒಂದು ಅಚ್ಚಿನ ಕಾಗದವಾಗಿ ಬಂದಿದೆ. ಕಾಯ್ಕಿಣಿಯವರು ಇದನ್ನು ಕರುಣೆಯ ಕತೆಯಾಗಿಸದೆ ಉಳಿಸಿದ್ದಾರೆ. ಈ ಕಥೆಯ ಹೆಸರಿನದೇ ಇಂಗ್ಲಿಷ್ ಅನುವಾದ ಸಂಕಲನಕ್ಕೆ ೨೦೧೮ರ ಡಿಎಸ್‌ಸಿ ಪ್ರಶಸ್ತಿ ಬಂದಾಗ ನಮ್ಮಲ್ಲಿ ಅನೇಕರು ಹೆಮ್ಮೆಪಟ್ಟರು. ಕನ್ನಡದಲ್ಲಿ ಓದಿದವರು ಅಷ್ಟೇ ಜನ ಇದ್ದರೇ ಎಂದು ಕೇಳಿದರೆ ಕೋಪಿಸಿಕೊಳ್ಳಬಾರದು.

ನಮ್ಮ ಮನೆಯ ಮಾತೊಂದನ್ನು ಇಲ್ಲಿ ಹೇಳಬೇಕಾಗಿದೆ. ಮಗಳು ಮರಾಠಿ ಹುಡುಗನನ್ನು ಮೆಚ್ಚಿ ಮದುವೆಯಾದಳು. ಎರಡು ಕಡೆಯೂ ಅಂತರಪಟವಿದೆ, ಸಪ್ತಪದಿಯಿದೆ, ಜಗಳಕ್ಕೆ ಜಾಗವೇ ಇಲ್ಲವೆಂದುಕೊಂಡಿದ್ದೆವು. ಜಗಳ ಬಂದದ್ದು ಅಕ್ಷತೆಯಿಂದ. ಅವರಲ್ಲಿ ಮಂಗಲಾಷ್ಟಕದ ಒಂದೊಂದು ಪದ್ಯ ಮುಗಿದಾಗಲೂ ಸಭೆಯೆಲ್ಲ ಅಕ್ಷತೆ ಎರಚುತ್ತದೆ. ನಮ್ಮಲ್ಲಿ ಅಂತರಪಟ ಸರಿದಾಗ ಜೀರಿಗೆ ಬೆಲ್ಲ. ಊರಿನಿಂದ ಬಂದ ಅತ್ತೆ ಪದ್ಯದ ನಡುವೆಯೇ ಕೈ ಹಿಡಿದು, “ಈಗಲೇ ಯಾಕೆ ಎರಚುತ್ತಾರೆ, ಮುಹೂರ್ತವೇ ಆಗಿಲ್ಲ” ಎಂದರು. ೧೯೫೫ರ ಹಿಂದೂ ವಿವಾಹ ಕಾಯಿದೆಯ ಏಳನೆಯ ಕಲಮು ಇಬ್ಬರಲ್ಲಿ ಯಾರೊಬ್ಬರ ಕಡೆಯ ಪದ್ಧತಿಯಂತೆ ನಡೆದರೂ ಸಾಕೆನ್ನುತ್ತದೆ. ಅತ್ತೆಗೆ ಅದು ಸಾಕಾಗುವುದಿಲ್ಲ. ಕೊನೆಗೆ ಬೀಗಿತ್ತಿ ತಟ್ಟೆಯಿಂದ ಒಂದು ಹಿಡಿ ಜೀರಿಗೆ ಬೆಲ್ಲ ತೆಗೆದು ತಮ್ಮವರ ಕೈಗೆಲ್ಲ ಹಂಚಿದರು. ಅವರಿಗೆ ಅದರ ಅರ್ಥ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ನನ್ನ ಅತ್ತೆಯಾಗಲಿ ನಾನಾಗಲಿ ಅವರ ಅಕ್ಷತೆಯನ್ನು ಹಾಗೆ ತೆಗೆದುಕೊಳ್ಳಲಿಲ್ಲವೆಂಬುದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ.

‘ಸಂಸ್ಕಾರ’ವನ್ನು ಮುಗಿಸಿದ ಮೇಲೆ, ಬಳಗದ ಮುಂದಿನ ಸಭೆಗೆ ಮೊದಲು, ಆ ಹಿರಿಯ ಹೆಣ್ಣುಮಗಳನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿದೆ. ಅಂದು ಹಾಗೇಕೆ ಕೇಳಿದಿರಿ ಎಂದೆ. ಅವರದು ಲಿಂಗಾಯತರ ಮನೆತನ. ಸುಡುವ ಪದ್ಧತಿಯಿಲ್ಲ. ದೇಹವನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಕೈಯಲ್ಲಿ ಇಷ್ಟಲಿಂಗವಿಟ್ಟು, ಕುಳಿತಂತೆಯೇ ಸಮಾಧಿ ಮಾಡುವುದು. ಯಜಮಾನರು ತೀರಿಕೊಂಡದ್ದು ೧೯೮೨ರಲ್ಲಿ, ಪರೇಲಿನ ಚಾಳಿನಲ್ಲಿ, ಹಗಲು ಹೊತ್ತು. ಮನೆಯಲ್ಲಿ ಅವರೂ ಎರಡು ಚಿಕ್ಕ ಮಕ್ಕಳೂ. ಬಂಧುಗಳು ಸೊಲ್ಲಾಪುರದಲ್ಲಿ. ನೆರೆಯವರು ತಮ್ಮ ಪದ್ಧತಿಯಂತೆ ಚಾಪೆ ಹಾಸಿ ಮಲಗಿಸಲು ಬಂದರು. “ಮಲಗಿಸಬ್ಯಾಡ್ರಿ ಅಂದೆ. ಯಾಕ ಅಂತ ಮರಾಠಿಯೊಳಗ ಹೇಳಲಿಕ್ಕೆ ನನಗ ಬರಲಿಲ್ಲ.” ಮೂರು ನಾಲ್ಕು ತಾಸು ಕಳೆದರೆ ದೇಹ ಸೆಟೆದುಕೊಳ್ಳುತ್ತದೆ, ಆಮೇಲೆ ಕೂಡಿಸಲು ಬರುವುದಿಲ್ಲ. ಪಕ್ಕದ ಖೋಲಿಯಲ್ಲಿ ಗಿರಣಿ ಕೆಲಸಗಾರನೊಬ್ಬನಿದ್ದ, ಸಾತಾರದ ಕಡೆಯವನು. ಆ ವರ್ಷ ಜನವರಿಯಿಂದ ಗಿರಣಿಗಳ ಮುಷ್ಕರ ನಡೆದಿತ್ತಾದ್ದರಿಂದ ಹಗಲಲ್ಲಿ ಮನೆಯಲ್ಲೇ ಇದ್ದ. ಆಕೆ ನೆಲದ ಮೇಲೆ ತಾವೇ ಚಕ್ಕಳಮಕ್ಕಳ ಹಾಕಿ ಕುಳಿತು ಅವನಿಗೆ ತೋರಿಸಿದರು. ಅವನಿಗೆ ತಿಳಿಯಿತು. ಗೋಡೆಗೆ ಆನಿಸಿ ಕುಳ್ಳಿರಿಸಿ, ಕಾಲು ಮಡಿಸಿ, ಧೋತರದಿಂದ ಬೆನ್ನನ್ನು ಗೂಟಕ್ಕೆ ಕಟ್ಟಿದ. ತಲೆ ನಿಲ್ಲಲಿಲ್ಲ, ಮುಂದಕ್ಕೆ ಬಾಗುತ್ತಿತ್ತು. ಅವನು ಪಕ್ಕದಲ್ಲಿ ಕುಳಿತು ಅಂಗೈಯಿಂದ ಹಣೆಯನ್ನು ಹಿಡಿದುಕೊಂಡ. ಕೈ ಸೋತಾಗ ಕೈ ಬದಲಿಸಿದ. ಚಹಾ ತಂದುಕೊಟ್ಟರೆ ಬೇಡವೆಂದ.

“ಸೊಲ್ಲಾಪುರದ ಗಾಡಿ ಬರೂತನಕ ಹಂಗ ಹಿಡಕೊಂಡು ಕೂತಿದ್ರೀ,” ಎಂದರು ಆಕೆ. “ನಮ್ಮವರು ಬಂದು, ಮುಟ್ಟಬಾರದಿತ್ತು ಅಂದ್ರು.”